ಹೈಕೋರ್ಟಿನ ಎರಡನೇ ಮೇಲ್ಮನವಿ: ಹದಿನೆಂಟು ಗ್ರೌಂಡುಗಳಲ್ಲಿ ಕೋರ್ಟು ಕೈಗೆತ್ತಿಕೊಳ್ಳುವುದು ಯಾವುದನ್ನು?

ದಾವೆ ದಫ್ತರ

ಈ ಎಳೆ ಸಿವಿಲ್ ದಾವೆಗಳ ಎರಡನೇ ಮೇಲ್ಮನವಿಗೆ, ಅಂದರೆ ನಮ್ಮ ಕರ್ನಾಟಕ ಹೈಕೋರ್ಟಿನ ರೆಗ್ಯುಲರ್ ಸೆಕೆಂಡ್ ಅಪೀಲ್ ಎಂಬ ಆರ್‌ಎಸ್‌ಎಗಳಿಗೆ ಮೀಸಲು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ. ಮೆಮೊದಲ್ಲಿ (ಮೇಲ್ಮನವಿ ಪತ್ರದಲ್ಲಿ) ಹದಿನೆಂಟು ಗ್ರೌಂಡು, ಅಂದರೆ ಆಕ್ಷೇಪದ ಕಾರಣ, ಇದ್ದರೂ ಹೈಕೋರ್ಟು ಒಂದೋ ಎರಡೋ ಪ್ರಶ್ನೆ ಬರೆದುಕೊಂಡು ಉಳಿದದ್ದನ್ನು ಮುಟ್ಟುವುದಿಲ್ಲ. ಎಷ್ಟೋ ಸಲ ಒಂದನ್ನೂ ಬರೆದುಕೊಳ್ಳದೆ ಅಡ್ಮಿಷನ್ ಹಂತದಲ್ಲೇ, ಅಂದರೆ ವಿಚಾರಣೆಗೆ ಸ್ವೀಕರಿಸಬೇಕೇ ಎಂದು ನೋಡುವಾಗಲೇ, ವಜಾ ಆಗುತ್ತದೆ. ಇದು ಹೇಗೆ ನಿರ್ಧಾರವಾಗುತ್ತದೆ?

ಚೌಕಟ್ಟು ಇಷ್ಟು. ಕೆಳಗಿನ ಕೋರ್ಟಿನ ಡಿಕ್ರಿ (ತೀರ್ಪಿನ ಅಂತಿಮ ಆಜ್ಞೆ) ಮೇಲೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 96ರಡಿ ಮೊದಲ ಮೇಲ್ಮನವಿ ಹೋಗುತ್ತದೆ. ಅಲ್ಲಿ ಸಾಕ್ಷ್ಯ, ಕಾನೂನು ಎರಡೂ ತೆರೆದಿರುತ್ತವೆ. ಎರಡನೆಯದು ಕಲಂ 100ರಡಿ, ಹೈಕೋರ್ಟಿಗೆ. ಇಲ್ಲಿ ಬಾಗಿಲು ತೆರೆಯುವುದು ಒಂದೇ ಕೀಲಿಗೆ: ಸಬ್‌ಸ್ಟ್ಯಾನ್ಷಿಯಲ್ ಕ್ವೆಶ್ಚನ್ ಆಫ್ ಲಾ, ಗಣನೀಯ ಕಾನೂನು ಪ್ರಶ್ನೆ. ಮೊದಲು ಬರೀ ಕಾನೂನು ಪ್ರಶ್ನೆ ಇದ್ದರೆ ಅಥವಾ ವಿಧಾನದಲ್ಲಿ ದೊಡ್ಡ ದೋಷವಿದ್ದರೆ ಸಾಕಿತ್ತು. 1976ರ ತಿದ್ದುಪಡಿ, 1.2.1977ರಿಂದ ಜಾರಿಗೆ ಬಂದದ್ದು, ಆ ಬಾಗಿಲನ್ನು ಕಿರಿದು ಮಾಡಿತು. ಹಾಗಾಗಿ 1977ಕ್ಕಿಂತ ಹಿಂದಿನ ತೀರ್ಪುಗಳನ್ನು ಉದಾಹರಿಸುವವರು ಅವು ಹಳೆಯ ಕಲಮಿನಡಿ ಬಂದವೇ ಎಂದು ಮೊದಲು ನೋಡಿಕೊಳ್ಳಿ.

ಕಲಂ 100ರ ಉಪಕಲಂಗಳನ್ನು ಸಾಲಾಗಿ ಓದಿದರೆ ಅರ್ಧ ಉತ್ತರ ಸಿಗುತ್ತದೆ. (3) ಮೆಮೊದಲ್ಲಿ ಪ್ರಶ್ನೆಯನ್ನು ನಿಖರವಾಗಿ ಬರೆಯಬೇಕಾದ್ದು ಮೇಲ್ಮನವಿದಾರರ ಕೆಲಸ. (4) ಅಂಥ ಪ್ರಶ್ನೆ ಇದೆ ಎಂದು ಮನವರಿಕೆಯಾದರೆ ಅದನ್ನು ರಚಿಸಬೇಕಾದ್ದು ಕೋರ್ಟಿನ ಕೆಲಸ. (5) ವಾದ ನಡೆಯುವುದು ಹಾಗೆ ರಚಿಸಿದ ಪ್ರಶ್ನೆಯ ಮೇಲೆ; ಹೊರಗಿನ ಪ್ರಶ್ನೆ ಕೇಳಬೇಕಾದರೆ ಕಾರಣ ದಾಖಲಿಸಬೇಕೆಂಬ ಪರಂತುಕ (ವಿನಾಯಿತಿಯ ಸಾಲು) ಇದೆ.

ಹಳೆ ಕಡತ

ದಫ್ತರದವರು ಹಾಕಿದ ಚೌಕಟ್ಟಿಗೆ ಒಳಗಿನ ಅಳತೆ ಸೇರಿಸುತ್ತೇನೆ. "ಗಣನೀಯ" ಎಂದರೆ ಏನು ಎನ್ನುವುದಕ್ಕೆ ಎರಡು ತೀರ್ಪು ಸಾಕು. 1962ರ ಚುನ್ನಿಲಾಲ್ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಪ್ರಶ್ನೆ ಸಾರ್ವಜನಿಕ ಮಹತ್ವದ್ದಾಗಿರಬೇಕು ಅಥವಾ ಕಕ್ಷಿದಾರರ ಹಕ್ಕನ್ನು ನೇರವಾಗಿ, ಗಾಢವಾಗಿ ತಟ್ಟಬೇಕು; ಅದು ಇನ್ನೂ ಇತ್ಯರ್ಥವಾಗದ್ದು, ಇಲ್ಲವೇ ಎರಡು ಅಭಿಪ್ರಾಯಕ್ಕೆ ಎಡೆ ಇರುವಂಥದ್ದು ಆಗಿರಬೇಕು. ಆ ಮಾತು ಸಂವಿಧಾನದ 133ನೇ ವಿಧಿಯ ಸಂದರ್ಭದಲ್ಲಿ ಬಂದದ್ದಾದರೂ ಕಲಂ 100ಕ್ಕೂ ಅದೇ ಒರೆಗಲ್ಲು. 2001ರ ಸಂತೋಷ್ ಹಜಾರಿ ಪ್ರಕರಣ ಇನ್ನೂ ಮೂರನ್ನು ಸೇರಿಸಿತು. ಪ್ರಶ್ನೆಗೆ ವಾದಪತ್ರದಲ್ಲೋ ಲಿಖಿತ ಹೇಳಿಕೆಯಲ್ಲೋ ಬುನಾದಿ ಇರಬೇಕು. ಕೆಳಗಿನ ಕೋರ್ಟುಗಳು ಕಂಡುಕೊಂಡ, ನಿಲ್ಲಬಲ್ಲ ಸಂಗತಿಗಳಿಂದಲೇ ಅದು ಹುಟ್ಟಬೇಕು. ಅದಕ್ಕೆ ಉತ್ತರ ಸಿಗದೆ ದಾವೆಯ ನ್ಯಾಯಯುತ ತೀರ್ಮಾನ ಸಾಧ್ಯವಾಗಬಾರದು.

ಮೂರನೆಯದನ್ನೇ ಜನ ಮರೆಯುತ್ತಾರೆ. ಕಾನೂನು ಪ್ರಶ್ನೆ ಎಷ್ಟೇ ಸೊಗಸಾಗಿರಲಿ, ಉತ್ತರ ಹೌದಾದರೂ ಅಲ್ಲವಾದರೂ ಡಿಕ್ರಿ ಬದಲಾಗುವುದಿಲ್ಲ ಎಂದಾದರೆ ಹೈಕೋರ್ಟು ಅದನ್ನು ಎತ್ತಿಕೊಳ್ಳುವುದಿಲ್ಲ. ಉದಾಹರಣೆಗೆ ಸ್ವತ್ತು ಸ್ವಯಾರ್ಜಿತ ಎಂದೂ, ಉಯಿಲು ಸಾಬೀತಾಗಿದೆ ಎಂದೂ ಎರಡು ಫೈಂಡಿಂಗ್ (ಕೋರ್ಟು ಕಂಡುಕೊಂಡ ತೀರ್ಮಾನ) ಇವೆ ಅನ್ನಿ. ಸ್ವಯಾರ್ಜಿತ ಎಂಬುದನ್ನು ಮಾತ್ರ ಪ್ರಶ್ನಿಸಿ ಉಯಿಲನ್ನು ಬಿಟ್ಟರೆ ಬರೆದವನ ಸ್ವಂತ ಪಾಲಿನ ಮಟ್ಟಿಗೆ ಉಯಿಲು ನಿಂತೇ ಇರುತ್ತದೆ; ಕೇಳಿದ ಪೂರ್ತಿ ಪಾಲು ಎಂದಿಗೂ ಸಿಗುವುದಿಲ್ಲ. ಆದ್ದರಿಂದ ಪ್ರಶ್ನೆ ಬರೆಯುವ ಮೊದಲು ತೀರ್ಪನ್ನು ಕಂಬಗಳಾಗಿ ಬಿಡಿಸಿ. ಡಿಕ್ರಿ ಎಷ್ಟು ಕಂಬದ ಮೇಲೆ ನಿಂತಿದೆ? ಒಂದು ಕಂಬವಾದರೂ ಅಲುಗದೆ ಉಳಿದರೆ ಮೇಲ್ಮನವಿಯ ಗತಿ ಏನು?

ಇನ್ನು ಕೆಟ್ಟ ಪ್ರಶ್ನೆಯ ಮಾದರಿ: "ಕೆಳಗಿನ ನ್ಯಾಯಾಲಯಗಳು ದಾವೆ ವಜಾ ಮಾಡಿದ್ದು ಸರಿಯೇ?" ಇದು ಪ್ರಶ್ನೆಯೇ ಅಲ್ಲ, ಮೇಲ್ಮನವಿಯ ಶೀರ್ಷಿಕೆ. "ತೀರ್ಪು ಸಾಕ್ಷ್ಯಕ್ಕೂ ಕಾನೂನಿಗೂ ವಿರುದ್ಧವೇ?" ಎಂಬುದೂ ಅಷ್ಟೆ.

ಒಳ್ಳೆಯದು ಹೀಗಿರುತ್ತದೆ. ನೋಂದಣಿ ಆಗದ ಪಾಲುಪಟ್ಟಿ ಒಂದಿದೆ. ಕೆಳಗಿನ ಕೋರ್ಟು ಅದನ್ನು ನೋಂದಣಿ ಕಾಯಿದೆಯ ಕಲಂ 17 ಮತ್ತು 49ರಂತೆ ಪೂರ್ತಿ ತಳ್ಳಿಹಾಕಿದೆ. ಆ ಪಾಲುಪಟ್ಟಿ ನಿ.ಡಿ. 3, ಅಂದರೆ ಪ್ರತಿವಾದಿಯ ಪರ ನಿಶಾನೆ (ಕೋರ್ಟು ಹಾಕುವ ಗುರುತು) ಪಡೆದ ಮೂರನೇ ದಾಖಲೆ ಎನ್ನಿ. ಆಗ ಪ್ರಶ್ನೆ: "ನಿ.ಡಿ. 3 ಎಂಬ ಪತ್ರದ ಒಕ್ಕಣೆ ಮೊದಲೇ ಬಾಯಿಮಾತಿನಲ್ಲಿ ಆಗಿದ್ದ ವಿಭಾಗವನ್ನು ದಾಖಲಿಸುವ ನೆನಪೋಲೆಯಾಗಿರುವಾಗ, ಅದೇ ಪತ್ರದಿಂದ ವಿಭಾಗ ಉಂಟಾಯಿತೆಂದು ಓದಿ ನೋಂದಣಿ ಕಡ್ಡಾಯವೆಂದದ್ದು ಕಾನೂನಿಗೆ ಸರಿಯೇ?" ಇದರಲ್ಲಿ ಪತ್ರದ ಗುರುತು, ತಗಾದೆಯ ಬಿಂದು, ಕಾನೂನು ಮೂರೂ ಇವೆ. ಹಕ್ಕಿನ ಮೂಲಪತ್ರವನ್ನು ಅರ್ಥೈಸುವುದು ಕಾನೂನು ಪ್ರಶ್ನೆ ಎಂಬುದು ಇತ್ಯರ್ಥವಾದ ಮಾತು, ಹಾಗಾಗಿ ಇದು ಕಲಂ 100ರೊಳಗೆ ಕೂರುತ್ತದೆ. ಅದೇ ಪತ್ರದ ಮೇಲಿನ ಹೆಬ್ಬೆಟ್ಟು ನಿಜವಾಗಿ ಅಜ್ಜನದೇ ಎಂಬುದು ಕೂರುವುದಿಲ್ಲ.

ಜೂನಿಯರ್ 41

ಸರ್, ಎರಡು ಸಂದೇಹ. ಒಂದು, ಕೆಳಗಿನ ಕೋರ್ಟಿನಲ್ಲಿ ಎತ್ತದೇ ಇದ್ದ ಕಾನೂನಿನ ಅಂಶವನ್ನು ಆರ್‌ಎಸ್‌ಎಯಲ್ಲಿ ಮೊದಲ ಸಲ ಎತ್ತಬಹುದೇ? ಎರಡು, "ಪರ್ವರ್ಸ್ ಫೈಂಡಿಂಗ್" (ವಿವೇಕಕ್ಕೆ ಒಪ್ಪದ ತೀರ್ಮಾನ) ಅಂತ ಬರೆದರೆ ಸಾಕ್ಷ್ಯವನ್ನೂ ನೋಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಅದು ಎಷ್ಟು ನಿಜ?

ನೇತ್ರಾವತಿ ತೀರ

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಎತ್ತಬಹುದು, ಆದರೆ ಅದು ಶುದ್ಧ ಕಾನೂನು ಪ್ರಶ್ನೆಯಾಗಿರಬೇಕು. ಅಂದರೆ ದಾಖಲೆಯಲ್ಲಿ ಈಗಾಗಲೇ ಇರುವ ಸಂಗತಿಗಳ ಮೇಲೆಯೇ ಉತ್ತರ ಸಿಗಬೇಕು, ಹೊಸ ಸಾಕ್ಷ್ಯ ಬೇಕಾಗಬಾರದು. 1892ರಲ್ಲಿ ಪ್ರಿವಿ ಕೌನ್ಸಿಲ್ (ಆಗ ಭಾರತದ ಮೇಲ್ಮನವಿಗಳೂ ಹೋಗುತ್ತಿದ್ದ ಲಂಡನ್ನಿನ ಕೋರ್ಟು) ಹೇಳಿದ ಈ ಮಾತನ್ನು ನಮ್ಮ ಕೋರ್ಟುಗಳು ಇಂದಿಗೂ ಪಾಲಿಸುತ್ತವೆ. ಕಾರಣ ಸರಳ: ಆ ಅಂಶ ಕೆಳಗೇ ಬಂದಿದ್ದರೆ ಎದುರಿನವರು ಅದಕ್ಕೆ ಸಾಕ್ಷಿ ಕೊಡುತ್ತಿದ್ದರೋ ಏನೋ. ಆ ಅವಕಾಶವನ್ನು ಮೇಲಿನ ಕೋರ್ಟಿನಲ್ಲಿ ಕಿತ್ತುಕೊಳ್ಳುವಂತಿಲ್ಲ.

ಇದನ್ನು ದಿನನಿತ್ಯದ ಅಂಶಗಳಿಗೆ ಹಚ್ಚಿ ನೋಡಿ.

ಕಾಲಮಿತಿ: ಕಾಲಮಿತಿ ಕಾಯಿದೆಯ ಕಲಂ 3ರಂತೆ ಪ್ರತಿವಾದಿ ಎತ್ತದಿದ್ದರೂ ಕೋರ್ಟು ತಾನೇ ನೋಡಬೇಕು. ಹಾಗೆಂದು ಎಲ್ಲ ಕಾಲಮಿತಿಯೂ ಶುದ್ಧ ಕಾನೂನಲ್ಲ. ವಾದಪತ್ರದ ಮೇಲ್ನೋಟಕ್ಕೇ ಅವಧಿ ಮೀರಿದ್ದರೆ ಸರಿ. "ವಾದಿಗೆ ವಿಷಯ ತಿಳಿದದ್ದು ಯಾವಾಗ" ಎನ್ನುವುದರ ಮೇಲೆ ನಿಂತಿದ್ದರೆ ಅದು ಸಂಗತಿಯ ಪ್ರಶ್ನೆ, ತಡವಾಗಿ ಎತ್ತಿದರೆ ನಡೆಯದು.

ವ್ಯಾಪ್ತಿ: ವಿಷಯದ ಮೇಲೆ ಅಧಿಕಾರವೇ ಇಲ್ಲದಿದ್ದರೆ ಯಾವಾಗ ಬೇಕಾದರೂ ಎತ್ತಬಹುದು. ಸ್ಥಳವ್ಯಾಪ್ತಿ ಹಾಗಲ್ಲ. ಕಲಂ 21 ಪ್ರಕಾರ ಆಕ್ಷೇಪಣೆ ಮೊದಲ ಅವಕಾಶದಲ್ಲೇ, ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ತಗಾದೆಯ ಅಂಶ) ರಚನೆ ಆಗುವುದಿದ್ದರೆ ಆ ಹೊತ್ತಿಗೆ ಇಲ್ಲವೇ ಅದಕ್ಕೂ ಮುನ್ನ ಬಂದಿರಬೇಕು, ಜೊತೆಗೆ ಅದರಿಂದ ನ್ಯಾಯಕ್ಕೆ ಧಕ್ಕೆಯೂ ಆಗಿರಬೇಕು.

ಛಾಪಾ ಶುಲ್ಕ: ಇಲ್ಲಿ ಬಹಳ ಜನ ಕಾಲು ಜಾರುತ್ತಾರೆ. ಕರ್ನಾಟಕ ಸ್ಟಾಂಪ್ ಕಾಯಿದೆ 1957ರ ಕಲಂ 34 ಕಡಿಮೆ ಛಾಪಾ ಕಾಗದದ ಪತ್ರವನ್ನು ಸಾಕ್ಷ್ಯವಾಗಿ ಒಪ್ಪಬಾರದು ಎನ್ನುತ್ತದೆ. ಆದರೆ ಕಲಂ 35 ಪ್ರಕಾರ ಒಮ್ಮೆ ಒಪ್ಪಿ ನಿಶಾನೆ ಹಾಕಿದ ಮೇಲೆ ಅದೇ ದಾವೆಯ ಯಾವ ಹಂತದಲ್ಲೂ ಸ್ಟಾಂಪಿನ ಕಾರಣಕ್ಕೆ ಪ್ರಶ್ನಿಸುವಂತಿಲ್ಲ. ನಿಶಾನೆ ಹಾಕುವ ದಿನ ಸುಮ್ಮನಿದ್ದವರಿಗೆ ಹೈಕೋರ್ಟಿನಲ್ಲಿ ಆ ಅಂಶ ಸತ್ತಂತೆಯೇ.

ನೋಂದಣಿ: ಇದು ಸ್ಟಾಂಪಿನ ಹಾಗಲ್ಲ. ಕಲಂ 49ರ ನಿಷೇಧ ಪತ್ರದ ಗ್ರಾಹ್ಯತೆಗೇ ತಟ್ಟುತ್ತದೆ, ನಿಶಾನೆ ಬಿದ್ದರೂ ಪ್ರಶ್ನೆ ಉಳಿಯುತ್ತದೆ. 2003ರ ವೆಂಕಟಾಚಲ ಗೌಂಡರ್ ತೀರ್ಪು ಈ ಗೆರೆ ಎಳೆದಿದೆ. ಪತ್ರವೇ ಗ್ರಾಹ್ಯವಲ್ಲ ಎಂಬ ಆಕ್ಷೇಪಣೆ ಆಮೇಲೂ ಬರಬಹುದು. ಸಾಬೀತು ಮಾಡಿದ ರೀತಿ ತಪ್ಪು, ಉದಾಹರಣೆಗೆ ಮೂಲದ ಬದಲು ಝೆರಾಕ್ಸ್ ಹಾಕಿದ್ದಾರೆ ಎಂಬ ಆಕ್ಷೇಪಣೆ ನಿಶಾನೆ ಹಾಕುವ ಹೊತ್ತಿಗೇ ಬರಬೇಕು. ಆಗಲೇ ಹೇಳಿದ್ದರೆ ಎದುರಿನವರು ಮೂಲ ತಂದು ಕೊರತೆ ತುಂಬಿಕೊಳ್ಳುತ್ತಿದ್ದರು ಎಂಬುದು ಇದರ ಹಿಂದಿನ ನ್ಯಾಯ.

ಹಾಗಾಗಿ ಆರ್‌ಎಸ್‌ಎಗೆ ವಿಷಯ ಹುಡುಕುವವರು ಸಾಕ್ಷ್ಯದ ಪುಟಗಳಲ್ಲಿ "ಆಕ್ಷೇಪಣೆಗೆ ಒಳಪಟ್ಟು ಗುರುತಿಸಲಾಗಿದೆ" ಎಂಬ ಸಾಲು ಎಲ್ಲೆಲ್ಲಿದೆ ಎಂದು ಮೊದಲು ನೋಡಿ. ಆ ಸಾಲು ಇದ್ದು, ಕೊನೆಯ ತೀರ್ಪಿನಲ್ಲಿ ಆ ಆಕ್ಷೇಪಣೆಗೆ ಉತ್ತರವೇ ಇಲ್ಲದಿದ್ದರೆ ಕೈಯಲ್ಲಿ ಒಂದು ಜೀವಂತ ಪ್ರಶ್ನೆ ಇದ್ದಂತೆ.

ಮಲಪ್ರಭಾ

ನೇತ್ರಾವತಿ ಮೇಡಮ್ಮರು ಹೇಳಿದ್ದು ಖರೆ ಅದ. ಎರಡನೇ ಸಂದೇಹಕ್ಕ ನಾ ಹೇಳ್ತೀನಿ.

"ಪರ್ವರ್ಸ್" ಅನ್ನೂದು ಮಂತ್ರ ಅಲ್ಲ. ಎರಡೂ ಕೋರ್ಟು ಒಂದ ಮಾತು ಹೇಳ್ಯಾವ ಅಂದ್ರ ಆ ಫೈಂಡಿಂಗ್ ತಪ್ಪಿದ್ರೂ ಹೈಕೋರ್ಟು ಕೈ ಹಾಕೂದಿಲ್ಲ. ಬ್ಯಾರೆ ಅಭಿಪ್ರಾಯಕ್ಕ ಬರಬಹುದಿತ್ತು ಅನ್ನೂದು ಸಾಕಾಗೂದಿಲ್ಲ. ಮೂರು ಪರಿಸ್ಥಿತಿ ಒಳಗ ಮಾತ್ರ ಸಂಗತಿಯ ತಪ್ಪು ಕಾನೂನಿನ ತಪ್ಪಾಗ್ತದ: ಒಂದು ಚೂರೂ ಸಾಕ್ಷ್ಯ ಇಲ್ಲದ ಫೈಂಡಿಂಗ್ ಕೊಟ್ಟಿದ್ರ, ಮುಖ್ಯ ಸಾಕ್ಷ್ಯ ಕಣ್ಣಿಗೇ ಹಾಕ್ಕೊಳ್ಳದ ಬಿಟ್ಟಿದ್ರ, ಅಗ್ರಾಹ್ಯ ಸಾಕ್ಷ್ಯದ ಮ್ಯಾಲ ನಿಂತಿದ್ರ. ಸಾಬೀತಿನ ಹೊಣೆ ತಪ್ಪು ಹೆಗಲಿಗೆ ಹೊರಿಸಿದ್ದೂ ಇದರ ಜೋಡಿನ ಬರ್ತದ.

ಬರಿಯೂ ರೀತಿ ಹಿಂಗ. ಮೊದಲ ಮೇಲ್ಮನವಿ ತೀರ್ಪಿನ ಪ್ಯಾರಾ ನಂಬರ ಹಾಕ್ರಿ, ಅದರಾಗ ಏನು ಹೇಳ್ಯಾರ ಅಂತ ಒಂದ ಸಾಲಿನ್ಯಾಗ ಬರೀರಿ. ಆಮ್ಯಾಲ ಅದಕ್ಕ ಎದುರು ನಿಲ್ಲೂ ದಾಖಲೆ ತೋರಸ್ರಿ: ಯಾವ ನಿಶಾನೆ, ಯಾವ ಸಾಕ್ಷಿ, ಪಾಟಿ ಸವಾಲಿನ ಯಾವ ಪುಟ. ಉದಾಹರಣೆಗೆ (ನಿ.ಪಿ. ಅಂದ್ರ ವಾದಿ ಕಡೆಯ ನಿಶಾನೆ): "ಪ್ಯಾರಾ 22ರಲ್ಲಿ ವಾದಿಯ ಸ್ವಾಧೀನಕ್ಕೆ ದಾಖಲೆಯೇ ಇಲ್ಲ ಎಂದಿದೆ, ನಿ.ಪಿ. 4ರಿಂದ 15ರ ಪಹಣಿಗಳು ಹನ್ನೆರಡು ವರ್ಷಕ್ಕೆ ವಾದಿಯ ಹೆಸರು ತೋರಿಸುತ್ತವೆ. ತೀರ್ಪಿನಲ್ಲಿ ಎಲ್ಲೂ ಅವುಗಳ ಪ್ರಸ್ತಾಪವಿಲ್ಲ." ಇಷ್ಟ ಇದ್ರ ನ್ಯಾಯಮೂರ್ತಿಗಳು ಎರಡ ನಿಮಿಷದಾಗ ತಾಳೆ ನೋಡಬಹುದು. "ಪಹಣಿಗಳನ್ನು ಸರಿಯಾಗಿ ಪರಿಗಣಿಸಿಲ್ಲ" ಅಂತ ಬರದ್ರ ನೋಡಿದ್ದಾರ, ಒಪ್ಪಿಲ್ಲ ಅಂತನ ಅರ್ಥ ಆಗ್ತದ.

ಇನ್ನೊಂದು ಮಾತು. ಪಹಣಿಗೆ ಸರಿ ಅಂತ ಊಹಿಸೂ ಬಲ ಅದ, ಆದ್ರ ಆ ಊಹೆ ಮುರೀಬಹುದು. ಎದುರಿನವರ ಸಾಕ್ಷ್ಯ ಓದಿ ಕೋರ್ಟು ಆ ಊಹೆ ಮುರದೈತಿ ಅಂದ್ರ ಅಲ್ಲಿಗೆ ಮುಗೀತು, ಅದು ತೂಕದ ಮಾತು. ಬಿಟ್ಟಿದ್ದಕ್ಕೂ ತೂಗಿ ಬದಿಗಿಟ್ಟಿದ್ದಕ್ಕೂ ಫರಕ ಅದ.

ಹಳೆ ಕಡತ

ಮಲಪ್ರಭಾ ಅವರು ಹೇಳಿದ ಕೊನೆಯ ಮಾತು ಬಹಳ ಮುಖ್ಯ. ಅದಕ್ಕೊಂದು ಪೂರಕ.

ಪರ್ವರ್ಸ್ ಎಂದು ತೋರಿಸಿಬಿಟ್ಟರೆ ಮುಂದೇನು? ಕಲಂ 103 ಓದದೆ ಆರ್‌ಎಸ್‌ಎ ವಾದಕ್ಕೆ ನಿಲ್ಲಬೇಡಿ. ದಾಖಲೆಯಲ್ಲಿರುವ ಸಾಕ್ಷ್ಯ ಸಾಕಷ್ಟಿದ್ದರೆ ಹೈಕೋರ್ಟು ತಾನೇ ಸಂಗತಿಯ ಅಂಶವನ್ನೂ ತೀರ್ಮಾನಿಸಬಹುದು, ಎರಡೇ ಸಂದರ್ಭದಲ್ಲಿ: ಆ ಅಂಶವನ್ನು ಕೆಳಗೆ ತೀರ್ಮಾನಿಸಿಯೇ ಇಲ್ಲದಿದ್ದಾಗ ಮತ್ತು ಕಾನೂನಿನ ತಪ್ಪಿನಿಂದಾಗಿ ತಪ್ಪಾಗಿ ತೀರ್ಮಾನಿಸಿದ್ದಾಗ. ವಾದದಲ್ಲಿ ಕೋರ್ಟಿನ ಮುಂದೆ ಎರಡೂ ದಾರಿ ಇಡಬೇಕು: ಕಲಂ 103ರಡಿ ಇಲ್ಲೇ ಮುಗಿಸಿ, ಇಲ್ಲವಾದರೆ ರಿಮ್ಯಾಂಡ್ ಮಾಡಿ (ಮತ್ತೆ ತೀರ್ಮಾನಿಸಲು ಕೆಳಗಿನ ಕೋರ್ಟಿಗೆ ಕಳಿಸಿ). ಬರೀ ರಿಮ್ಯಾಂಡ್ ಕೇಳಿದರೆ ಕಕ್ಷಿದಾರರಿಗೆ ಸಿಗುವುದು ಮತ್ತೊಂದು ಸುತ್ತು. ಇಪ್ಪತ್ತು ವರ್ಷದ ಪಾಲಿನ ದಾವೆಯಲ್ಲಿ ಅದು ಸಣ್ಣ ಶಿಕ್ಷೆಯಲ್ಲ.

ಇನ್ನೊಂದು ಕಡೆ: ಎರಡು ಕೋರ್ಟುಗಳ ತೀರ್ಪು ಬೇರೆಬೇರೆಯಾಗಿದ್ದರೆ ಕಲಂ 100 ಸಡಿಲವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲ. ಮಾನದಂಡ ಅದೇ. ಸಂತೋಷ್ ಹಜಾರಿ ತೀರ್ಪು ಹೇಳುವುದು ಬೇರೆ: ವಿಚಾರಣಾ ಕೋರ್ಟಿನ ಫೈಂಡಿಂಗನ್ನು ತಿರುಗಿಸುವ ಮೊದಲ ಮೇಲ್ಮನವಿ ಕೋರ್ಟು ಆ ಕಾರಣಗಳನ್ನು ಹತ್ತಿರದಿಂದ ಎದುರಿಸಿ, ಯಾಕೆ ಒಪ್ಪುವುದಿಲ್ಲ ಎಂದು ಹೇಳಬೇಕು. ಹಾಗೆ ಮಾಡದಿದ್ದರೆ ಆ ಲೋಪವೇ ಪ್ರಶ್ನೆಯಾಗುತ್ತದೆ.

ದಾವೆ ದಫ್ತರ

ಹಾಗಿದ್ದರೆ ಮೊದಲ ಮೇಲ್ಮನವಿ ತೀರ್ಪನ್ನೇ ನೋಡೋಣ, ಆರ್‌ಎಸ್‌ಎ ಪ್ರಶ್ನೆಗಳ ಗಣಿ ಅದು. ಸಿಪಿಸಿಯ ಆರ್ಡರ್ 41 ರೂಲ್ 31 ನಾಲ್ಕು ಕೇಳುತ್ತದೆ: ತೀರ್ಮಾನಿಸಬೇಕಾದ ಅಂಶಗಳು, ಪ್ರತಿಯೊಂದರ ಮೇಲೆ ತೀರ್ಮಾನ, ಕಾರಣ, ಡಿಕ್ರಿ ಬದಲಿಸಿದರೆ ಸಿಗುವ ಪರಿಹಾರ. ನಮ್ಮ ಜಿಲ್ಲಾ ಮಟ್ಟದ ತೀರ್ಪುಗಳಲ್ಲಿ ಅಂಶಗಳು ಎಷ್ಟೋ ಸಲ ಹೀಗಿರುತ್ತವೆ: ಒಂದು, ಕೆಳ ನ್ಯಾಯಾಲಯದ ತೀರ್ಪಿನಲ್ಲಿ ಹಸ್ತಕ್ಷೇಪ ಬೇಕೇ? ಎರಡು, ಯಾವ ಆದೇಶ? ವಿಚಾರಣಾ ಕೋರ್ಟಿನಲ್ಲಿ ಒಂಬತ್ತು ವಿವಾದಾಂಶ ಇದ್ದದ್ದು ಇಲ್ಲಿ ಒಂದು ಸಾಲಿಗೆ ಇಳಿದಿರುತ್ತದೆ.

ಆದರೆ ಎಚ್ಚರ, ಅಂಶ ಸರಿಯಾಗಿ ರಚಿಸಿಲ್ಲ ಎನ್ನುವುದಷ್ಟೇ ಸಾಲದು. ತೀರ್ಪಿನ ಒಡಲಲ್ಲಿ ಎಲ್ಲ ವಿವಾದಾಂಶಕ್ಕೂ ಚರ್ಚೆ, ಕಾರಣ ಇದ್ದರೆ ಗಣನೀಯವಾಗಿ ರೂಲ್ 31 ಪಾಲನೆಯಾಗಿದೆ ಎಂದೇ ಕೋರ್ಟು ಹೇಳುತ್ತದೆ. ಕಲಂ 99 ಕೂಡ ಇದೆಯಲ್ಲ, ತೀರ್ಪಿನ ಸಾರಕ್ಕೆ ಧಕ್ಕೆ ತರದ ದೋಷಕ್ಕೆ ಡಿಕ್ರಿ ಬದಲಾಗುವುದಿಲ್ಲ. ಚರ್ಚೆಯೇ ಆಗದ ವಿವಾದಾಂಶ ಯಾವುದು ಎಂದು ನಿರ್ದಿಷ್ಟವಾಗಿ ತೋರಿಸಬೇಕು.

ಇದಕ್ಕಿಂತ ಗಟ್ಟಿಯಾದದ್ದು ರೂಲ್ 27ರ ಅರ್ಜಿ. ಮೊದಲ ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆ ಐಎ (ಮಧ್ಯಂತರ ಅರ್ಜಿ) ಹಾಕಿದ್ದು, ಅದರ ಮೇಲೆ ಆದೇಶವೇ ಆಗದೆ ಮೇಲ್ಮನವಿ ವಜಾ ಆಗಿರುತ್ತದೆ. 2012ರ ಇಬ್ರಾಹಿಂ ಉದ್ದೀನ್ ತೀರ್ಪಿನಂತೆ ಆ ಅರ್ಜಿಯನ್ನು ಮೇಲ್ಮನವಿಯ ಅಂತಿಮ ವಾದದ ಜೊತೆಗೇ ಕೇಳಿ ತೀರ್ಮಾನಿಸಬೇಕು. ಅರ್ಜಿ ಮೂಲೆಗೆ ಬಿದ್ದಿದ್ದರೆ ಪ್ರಶ್ನೆ ಹುಟ್ಟುತ್ತದೆ. ಜೊತೆಗೇ ಆ ದಾಖಲೆ ತೀರ್ಪನ್ನು ಹೇಗೆ ಬದಲಿಸುತ್ತಿತ್ತು ಎಂದೂ ಬರೆಯಿರಿ, ಇಲ್ಲವಾದರೆ ಹಳೆ ಕಡತ ಅವರು ಹೇಳಿದ ಕಂಬದ ಲೆಕ್ಕದಲ್ಲಿ ಬಿದ್ದುಹೋಗುತ್ತದೆ.

ಸ್ಯಾನ್ ಹೋಸೆ ಕನ್ನಡಿಗ

ಅಮೆರಿಕದ ರಾಜ್ಯ ಕೋರ್ಟುಗಳಲ್ಲೂ ಇದೇ ಆಲೋಚನೆ ಬೇರೆ ಹಾದಿಯಲ್ಲಿ ಬಂದಿದೆ. ಹೋಲಿಸಿ ನೋಡಲು ಎರಡು ರಾಜ್ಯ ಸಾಕು.

ಕ್ಯಾಲಿಫೋರ್ನಿಯಾದಲ್ಲಿ ಮೊದಲ ಮೇಲ್ಮನವಿ ಕೋರ್ಟ್ ಆಫ್ ಅಪೀಲ್‌ಗೆ. ಅದರ ಮೇಲಿನ ರಾಜ್ಯ ಸುಪ್ರೀಂ ಕೋರ್ಟಿಗೆ ಹಕ್ಕಿನಿಂದ ಹೋಗುವಂತಿಲ್ಲ, ರಿವ್ಯೂ ಅರ್ಜಿ ಹಾಕಬೇಕು. ನಿಯಮ 8.500 ಅದಕ್ಕೆ ಕೊಡುವ ಮುಖ್ಯ ಕಾರಣ ತೀರ್ಪುಗಳ ಏಕರೂಪತೆ ಕಾಯುವುದು ಅಥವಾ ಮಹತ್ವದ ಕಾನೂನು ಪ್ರಶ್ನೆ ಇತ್ಯರ್ಥ ಮಾಡುವುದು. ಕೆಳಗಿನ ತೀರ್ಪು ತಪ್ಪು ಎಂಬುದಷ್ಟೇ ಅಲ್ಲಿ ಕಾರಣವಾಗದು. ಕೋರ್ಟ್ ಆಫ್ ಅಪೀಲ್‌ನಲ್ಲಿ ಸಕಾಲಕ್ಕೆ ಎತ್ತದ ಅಂಶವನ್ನು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ರಿವ್ಯೂ ಕೊಟ್ಟ ಮೇಲೆ ನಿಯಮ 8.516ರಂತೆ ಯಾವ ಅಂಶಗಳ ಮೇಲೆ ಮಾತ್ರ ಬ್ರೀಫ್ (ಲಿಖಿತ ವಾದ) ಬರೆಯಬೇಕೆಂದು ಕೋರ್ಟು ಗೆರೆ ಎಳೆಯಬಹುದು. ಅರ್ಜಿಯಲ್ಲಿ ಇಲ್ಲದ ಅಂಶವನ್ನೂ ತೀರ್ಮಾನಿಸಬಹುದು, ಆದರೆ ಎರಡೂ ಕಡೆಗೆ ಮುಂಚಿತವಾಗಿ ತಿಳಿಸಿ ಬ್ರೀಫ್ ಬರೆಯಲು ಅವಕಾಶ ಕೊಡಬೇಕು. ನಿಮ್ಮ ಕಲಂ 100(5)ರ ಪರಂತುಕಕ್ಕೆ ಇದು ತೀರ ಹತ್ತಿರ.

ನ್ಯೂಯಾರ್ಕ್‌ನ ಕ್ರಿಮಿನಲ್ ಮೇಲ್ಮನವಿಯ ನಿಯಮ ಇನ್ನೂ ಗಡುಸು. ವಿಚಾರಣೆಯಲ್ಲಿ ಪ್ರತಿಭಟಿಸಿ ದಾಖಲಿಸದ ತಪ್ಪನ್ನು ನಡುವಿನ ಅಪೆಲ್ಲೇಟ್ ಡಿವಿಷನ್ ನ್ಯಾಯದ ಹಿತಕ್ಕಾಗಿ ನೋಡಬಹುದು. ಅಲ್ಲಿನ ಅತಿ ಮೇಲಿನ ಕೋರ್ಟ್ ಆಫ್ ಅಪೀಲ್ಸ್‌ಗೆ ಆ ಅಧಿಕಾರ ಇಲ್ಲ. ಹಾಗಾಗಿ ಅದೇ ಅಂಶ ಒಂದು ಮೆಟ್ಟಿಲಲ್ಲಿ ಬದುಕಿ ಮುಂದಿನ ಮೆಟ್ಟಿಲಲ್ಲಿ ಸಾಯುತ್ತದೆ.

ನೇತ್ರಾವತಿ ತೀರ

ಪರಂತುಕದ ಮಾತು ಬಂದದ್ದು ಒಳ್ಳೆಯದಾಯಿತು, ನಮ್ಮಲ್ಲಿ ಹೆಚ್ಚು ಎಡವಟ್ಟಾಗುವ ಜಾಗ ಅದೇ.

ಅಡ್ಮಿಷನ್ ದಿನ ಎರಡು ಪ್ರಶ್ನೆ ರಚನೆಯಾಗಿವೆ. ಅಂತಿಮ ವಾದದ ಹೊತ್ತಿಗೆ ಮೂರನೆಯದು ಬೇಕೆನಿಸುತ್ತದೆ. ಪರಂತುಕದಂತೆ ಹೈಕೋರ್ಟು ಅದನ್ನೂ ಕೇಳಬಹುದು, ಆದರೆ ಕಾರಣ ದಾಖಲಿಸಬೇಕು, ಎದುರುದಾರರಿಗೆ ಆ ಪ್ರಶ್ನೆ ತಿಳಿದಿರಬೇಕು, ಉತ್ತರಿಸಲು ಸಮಯ ಸಿಕ್ಕಿರಬೇಕು. ವಾದ ಮುಗಿದು ತೀರ್ಪು ಬರೆಯುವಾಗ ಹೊಸ ಪ್ರಶ್ನೆ ರಚಿಸಿ ಅದಕ್ಕೇ ಉತ್ತರ ಕೊಟ್ಟ ತೀರ್ಪು ನಿಲ್ಲುವುದಿಲ್ಲ. 2018ರ ಸೂರತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಪ್ರಶ್ನೆಯನ್ನೇ ರಚಿಸದೆ ಆರ್‌ಎಸ್‌ಎ ಪುರಸ್ಕರಿಸಿದ ತೀರ್ಪುಗಳು ದೆಹಲಿಯಿಂದ ಮರಳಿ ಬಂದದ್ದಕ್ಕೆ ಲೆಕ್ಕವಿಲ್ಲ. ಗೆದ್ದ ಮೇಲ್ಮನವಿದಾರರಿಗೇ ಇದರಿಂದ ಹೆಚ್ಚು ನಷ್ಟ: ವರ್ಷಗಳು ಹೋಗುತ್ತವೆ, ಗೆಲುವು ಉಳಿಯುವುದಿಲ್ಲ.

ಆದ್ದರಿಂದ ಮೇಲ್ಮನವಿದಾರರ ವಕೀಲರೇ ಮಾಡಬೇಕಾದ್ದು: ಹೆಚ್ಚುವರಿ ಪ್ರಶ್ನೆ ಬೇಕಿದ್ದರೆ ಬಾಯಿಮಾತಿಗೆ ಬಿಡದೆ ಐಎ ಹಾಕಿ, ಪ್ರಶ್ನೆಯ ಒಕ್ಕಣೆಯನ್ನು ಅದರಲ್ಲೇ ಬರೆಯಿರಿ, ಪ್ರತಿಯನ್ನು ಎದುರಿನವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆರ್ಡರ್ 42 ರೂಲ್ 2 ಪ್ರಕಾರ ರಚಿತ ಪ್ರಶ್ನೆಯ ಹೊರಗಿನ ಗ್ರೌಂಡಿಗೆ ಹೇಗೂ ಕೋರ್ಟಿನ ಅನುಮತಿ ಬೇಕು. ಮಂಜೂರಾದ ದಿನದ ಆದೇಶಪತ್ರದಲ್ಲಿ ಪ್ರಶ್ನೆ ಅಕ್ಷರಶಃ ಬಂದಿದೆಯೇ ನೋಡಿಕೊಳ್ಳಿ.

ಸಂಖ್ಯೆಯ ಬಗ್ಗೆ ಒಂದು ಮಾತು. ಮೆಮೊದಲ್ಲಿ ಮೂರಕ್ಕಿಂತ ಹೆಚ್ಚು ಪ್ರಶ್ನೆ ಬರೆಯದಿರುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅತಿ ಬಲವಾದದ್ದು ಮೊದಲು ಬರಲಿ. ಅಡ್ಮಿಷನ್ ವಾದಕ್ಕೆ ಸಿಗುವುದು ಕೆಲವೇ ನಿಮಿಷ. ಒಂಬತ್ತು ಪ್ರಶ್ನೆ ಇದ್ದರೆ ಗಟ್ಟಿ ಯಾವುದು ಎಂದು ವಕೀಲರಿಗೇ ಗೊತ್ತಿಲ್ಲ ಎಂಬ ಭಾವ ಮೂಡುತ್ತದೆ.

ಮಲಪ್ರಭಾ

ಮೂರಕ್ಕ ನಿಲ್ಲಸ್ರಿ ಅನ್ನೂದಕ್ಕ ನನ್ನ ಪೂರಾ ಒಪ್ಪಿಗೆ ಇಲ್ಲ ಮೇಡಂ. ಪ್ರಶ್ನೆ ಮೂರ ಇರ್ಲಿ, ಆದ್ರ ಗ್ರೌಂಡ್ಸ್ ಕಡಿಮಿ ಮಾಡಬ್ಯಾಡ್ರಿ. ಆರ್ಡರ್ 41 ರೂಲ್ 2 ಪ್ರಕಾರ ಮೆಮೊದಾಗ ಇಲ್ಲದ ಗ್ರೌಂಡಿಗೆ ಕೋರ್ಟಿನ ಪರವಾನಗಿ ಬೇಕು. ಮುಂದ ಹೆಚ್ಚಿನ ಪ್ರಶ್ನೆ ಕೇಳೂ ಐಎ ಹಾಕುವಾಗ "ಗ್ರೌಂಡ್ 11 ನೋಡ್ರಿ, ಮೊದಲಿಂದನೂ ಐತಿ" ಅಂತ ತೋರಸಾಕ ಬರ್ತದ. ಗ್ರೌಂಡ್ಸ್ ಚಿಕ್ಕದಾಗಿ, ನಂಬರ ಹಾಕಿ, ವಾದ ಬೆರಸದ ಬರೀರಿ, ರೂಲ್ 1 ಕೇಳೂದೂ ಅದನ್ನ.

ಅವಧಿ ಮರೀಬ್ಯಾಡ್ರಿ. ಹೈಕೋರ್ಟಿಗೆ 90 ದಿನ, ಕಾಲಮಿತಿ ಕಾಯಿದೆ ಅನುಚ್ಛೇದ 116. ದೃಢೀಕೃತ ನಕಲಿಗೆ ತಗೊಂಡ ದಿನ ಕಲಂ 12ರಂಗ ಬಿಟ್ಟು ಲೆಕ್ಕ ಹಾಕ್ಬೇಕು. ತಡ ಆಗಿದ್ರ ಆರ್ಡರ್ 41 ರೂಲ್ 3-ಎ ಪ್ರಕಾರ ಕ್ಷಮಾಪಣಾ ಅರ್ಜಿ, ಅಫಿಡವಿಟ್ಟು ಜೋಡಿನ ಇರಬೇಕು. ಆ ಅರ್ಜಿ ಬಿದ್ದುಹೋತಂದ್ರ ನಿಮ್ಮ ಪ್ರಶ್ನೆ ಎಷ್ಟ ಚೊಲೊ ಇದ್ರೂ ಯಾರೂ ಓದೂದಿಲ್ಲ. ಮತ್ತ, ಮೂಲ ದಾವೆ ಬರೀ ಹಣ ವಸೂಲಿದ್ದಾಗಿ 25,000 ರೂಪಾಯಿ ದಾಟಿಲ್ಲ ಅಂದ್ರ ಕಲಂ 102 ಪ್ರಕಾರ ಎರಡನೇ ಮೇಲ್ಮನವಿನ ಇಲ್ಲ.

ಜೂನಿಯರ್ 41

ಗ್ರೌಂಡ್ಸ್, ಪ್ರಶ್ನೆ ಎರಡಕ್ಕೂ ಇರುವ ವ್ಯತ್ಯಾಸ ಈಗ ತಿಳಿಯಿತು. ಎದುರುದಾರರ ಪರ ಇದ್ದರೆ ಏನು ಮಾಡಬೇಕು? ಕೆಳಗಿನ ಎರಡೂ ಕೋರ್ಟಿನಲ್ಲಿ ಅವರೇ ಗೆದ್ದಿದ್ದಾರೆ, ಆದರೆ ಒಂದು ವಿವಾದಾಂಶ ಅವರ ವಿರುದ್ಧ ಹೋಗಿದೆ.

ಹಳೆ ಕಡತ

ಮೊದಲನೆಯದು, ಪ್ರಶ್ನೆ ರಚನೆಯಾಯಿತೆಂದು ಕೈಚೆಲ್ಲಬೇಡಿ. ಕಲಂ 100(5) ಎದುರುದಾರರಿಗೆ ಸ್ಪಷ್ಟವಾಗಿ ಒಂದು ಹಕ್ಕು ಕೊಟ್ಟಿದೆ: ಈ ಪ್ರಕರಣದಲ್ಲಿ ಅಂಥ ಪ್ರಶ್ನೆ ಉದ್ಭವಿಸುವುದೇ ಇಲ್ಲ ಎಂದು ಅಂತಿಮ ವಾದದಲ್ಲೂ ಹೇಳಬಹುದು. ಅದಕ್ಕೆ ಕೇಳಬೇಕಾದ್ದು ಮೂರು. ಪ್ಲೀಡಿಂಗ್‌ನಲ್ಲಿ ಈ ಮಾತು ಎಲ್ಲಿದೆ? ವಿವಾದಾಂಶ ಆಗಿತ್ತೇ? ಉತ್ತರದಿಂದ ಡಿಕ್ರಿ ಬದಲಾಗುತ್ತದೆಯೇ?

ಎರಡನೆಯದು, ವಿರುದ್ಧ ಹೋದ ಫೈಂಡಿಂಗ್. ಡಿಕ್ರಿ ಪೂರ್ತಿ ನಿಮ್ಮ ಪರ ಇದ್ದರೆ ಆರ್ಡರ್ 41 ರೂಲ್ 22ರಂತೆ ಕ್ರಾಸ್ ಅಬ್ಜೆಕ್ಷನ್ (ಎದುರುದಾರರ ಪ್ರತಿ ಆಕ್ಷೇಪಣೆ) ಇಲ್ಲದೆಯೂ ಆ ಫೈಂಡಿಂಗ್ ತಪ್ಪು ಎಂದು ಹೇಳಿ ಡಿಕ್ರಿಯನ್ನು ಸಮರ್ಥಿಸಬಹುದು. 1976ರ ತಿದ್ದುಪಡಿಯ ಮೇಲೆ ಫೈಂಡಿಂಗ್ ಮೇಲಷ್ಟೇ ಕ್ರಾಸ್ ಅಬ್ಜೆಕ್ಷನ್ ಹಾಕಲೂ ಬಹುದು. ಹಾಕುವುದೇ ಕ್ಷೇಮ, ಯಾಕೆಂದರೆ ಮೇಲ್ಮನವಿ ವಾಪಸಾದರೂ ಅದು ಉಳಿಯುತ್ತದೆ. ಡಿಕ್ರಿಯ ಒಂದು ಭಾಗ ವಿರುದ್ಧ ಇದ್ದರಂತೂ ಹಾಕಲೇಬೇಕು. 2003ರ ಬನಾರಸಿ ತೀರ್ಪು ಈ ಎರಡನ್ನೂ ಬೇರೆಮಾಡಿ ತೋರಿಸಿದೆ. ವಾದಕ್ಕೆ ನಿಗದಿಯಾದ ದಿನದ ನೋಟಿಸು ಮುಟ್ಟಿದಂದಿನಿಂದ ಒಂದು ತಿಂಗಳು ಅವಧಿ. ಎರಡನೇ ಮೇಲ್ಮನವಿಯಲ್ಲಿ ಹಾಕುವ ಕ್ರಾಸ್ ಅಬ್ಜೆಕ್ಷನ್ನಿಗೂ ಕಾನೂನು ಪ್ರಶ್ನೆ ಬೇಕು ಎಂಬುದನ್ನು ಮರೆಯಬೇಡಿ.

ಪಾಲಿನ ದಾವೆಗಳಲ್ಲಿ ರೂಲ್ 33 ಪ್ರತ್ಯೇಕ ವಿಷಯ. ಅಲ್ಲಿ ಎಲ್ಲ ಪಾಲುದಾರರೂ ಒಂದರ್ಥದಲ್ಲಿ ವಾದಿಗಳೇ. ಮೇಲ್ಮನವಿ ಹಾಕದ ತಂಗಿಯ ಪಾಲನ್ನೂ ಕೋರ್ಟು ಸರಿಪಡಿಸಬಹುದು. ಹೆಣ್ಣುಮಕ್ಕಳ ಪಾಲಿನಲ್ಲಿ ಇದು ಎಷ್ಟು ಬಾರಿ ಬೇಕಾಗಿದೆ ನೋಡಿ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ನಮ್ಮ ರಾಜ್ಯದ ತಿದ್ದುಪಡಿ 30.7.1994ರಿಂದ ಜಾರಿಗೆ ಬಂದು, ಅದಕ್ಕೂ ಮೊದಲು ಮದುವೆಯಾದ ಮಗಳನ್ನು ಹೊರಗಿಟ್ಟಿತ್ತು. 9.9.2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. 11.8.2020ರ ವಿನೀತಾ ಶರ್ಮಾ ತೀರ್ಪು ಆ ದಿನ ತಂದೆ ಬದುಕಿರಬೇಕಿಲ್ಲ ಎಂದಿತು. ಮೇಲ್ಮನವಿ ದಾವೆಯ ಮುಂದುವರಿಕೆಯೇ ಆದ್ದರಿಂದ, ಬಾಕಿ ಇರುವ ಆರ್‌ಎಸ್‌ಎಯಲ್ಲಿ ಈ ಪ್ರಶ್ನೆ ಕೆಳಗೆ ಎತ್ತಿರಲಿಲ್ಲ ಎಂಬ ಆಕ್ಷೇಪ ನಿಲ್ಲುವುದು ಕಷ್ಟ. 20.12.2004ಕ್ಕೂ ಮೊದಲಿನ ವಿಭಾಗವನ್ನು ಕೇಂದ್ರ ತಿದ್ದುಪಡಿ ಮುಟ್ಟುವುದಿಲ್ಲ; ಅದಕ್ಕೂ ಮೊದಲು ಕಾನೂನುಬದ್ಧವಾಗಿ ಪಾಲಾಗಿದೆಯೇ ಎಂಬುದಕ್ಕೆ ಮಾತ್ರ ಸಾಕ್ಷ್ಯ ಬೇಕು.

ಜೂನಿಯರ್ 41

ಕೊನೆಯದಾಗಿ. ಎರಡನೇ ಮೇಲ್ಮನವಿಗೆ ಗಣನೀಯ ಪ್ರಶ್ನೆಯೇ ಬೇಡ ಎಂದು ಸುಪ್ರೀಂ ಕೋರ್ಟು ಹೇಳಿದೆ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕಿರೋಡಿ ಪ್ರಕರಣ, 2019. ನಮಗೆ ಅನ್ವಯಿಸುತ್ತದೆಯೇ?

ದಾವೆ ದಫ್ತರ

ಅನ್ವಯಿಸುವುದಿಲ್ಲ. ಪಂಜಾಬ್ ಮತ್ತು ಹರಿಯಾಣದಲ್ಲಿ 1918ರ ಪಂಜಾಬ್ ಕೋರ್ಟ್ಸ್ ಕಾಯಿದೆಯ ಕಲಂ 41 ಎರಡನೇ ಮೇಲ್ಮನವಿಯನ್ನು ಹಳೆಯ ಕಲಂ 100ರ ಮಾದರಿಯಲ್ಲೇ ಉಳಿಸಿಕೊಂಡಿದೆ. 1976ರ ತಿದ್ದುಪಡಿ ಅದನ್ನು ರದ್ದು ಮಾಡಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ 2016ರ ಪಂಕಜಾಕ್ಷಿ ತೀರ್ಪಿನಲ್ಲಿ ಹೇಳಿತು, ಕಿರೋಡಿ ಅದನ್ನೇ ಹಿಂಬಾಲಿಸಿತು. ಕರ್ನಾಟಕದಲ್ಲಿ ಅಂಥ ಪ್ರತ್ಯೇಕ ಕಲಂ ಇಲ್ಲ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಪೀಠಗಳಲ್ಲಿ ಕಲಂ 100 ಇದ್ದಂತೆಯೇ ನಡೆಯುತ್ತದೆ.

ನಮ್ಮ ರಾಜ್ಯದ್ದೇ ಕಾನೂನಿನಿಂದ ಹುಟ್ಟುವ ಪ್ರಶ್ನೆಗೆ ಉದಾಹರಣೆ ಬೇಕಿದ್ದರೆ ಭೂ ಸುಧಾರಣಾ ಕಾಯಿದೆ 1961ರ ಕಲಂ 133 ನೋಡಿ. ದಾವೆಯ ಜಮೀನು ಕೃಷಿಭೂಮಿ, 1.3.1974ಕ್ಕೂ ಮೊದಲಿಂದ ನಾನು ಗೇಣಿದಾರ ಎಂದು ಪ್ರತಿವಾದಿ ಹೇಳಿ ಅದು ವಿವಾದಾಂಶವಾದರೆ, ಸಿವಿಲ್ ಕೋರ್ಟು ಅಷ್ಟರ ಮಟ್ಟಿಗೆ ದಾವೆ ತಡೆದು ಭೂ ನ್ಯಾಯಮಂಡಳಿಗೆ ಕಳಿಸಬೇಕು, ತಾನೇ ತೀರ್ಮಾನಿಸುವಂತಿಲ್ಲ. ಕಳಿಸದೆ ತೀರ್ಮಾನಿಸಿದ ತೀರ್ಪು ಇದ್ದರೆ ಪ್ರಶ್ನೆಯ ಒಕ್ಕಣೆಯಲ್ಲಿ ಮೂರು ಇರಲಿ: ಲಿಖಿತ ಹೇಳಿಕೆಯ ಪ್ಯಾರಾ ಸಂಖ್ಯೆ, ವಿವಾದಾಂಶದ ಸಂಖ್ಯೆ, ಮೊದಲ ಮೇಲ್ಮನವಿ ತೀರ್ಪಿನಲ್ಲಿ ಗೇಣಿಯ ಬಗ್ಗೆ ಕೊಟ್ಟ ಫೈಂಡಿಂಗಿನ ಪ್ಯಾರಾ ಸಂಖ್ಯೆ. ಅದೇ ಗೇಣಿಗೆ ನಮೂನೆ 7ರ (ಗೇಣಿದಾರರು ಜಮೀನಿನ ಹಕ್ಕು ಕೇಳುವ) ಅರ್ಜಿ ಮೇಲೆ ಮಂಡಳಿ ಆದೇಶ ಮಾಡಿದ್ದರೆ ಅದರ ದೃಢೀಕೃತ ನಕಲನ್ನು ಮೊದಲು ತೆಗೆಸಿ. ಆ ಆದೇಶ ಅಂತಿಮವಾಗಿದ್ದರೆ ಕಲಂ 133ರ ಪ್ರಶ್ನೆ ಕೇಳುವ ಅಗತ್ಯವೇ ಬೀಳುವುದಿಲ್ಲ.